ಗಾಜಿನಾಚೆಯ ಹಸಿರು

ಬಸುರಿ ಎಂದು ತಿಳಿದ ದಿನ ಅವಳು ಅತ್ತದ್ದು ಸಂತೋಷಕ್ಕೆ ಮಾತ್ರವಲ್ಲ. ದ್ರಾವಕಗಳ ಆವಿ ಮಗುವಿಗೆ ಒಳ್ಳೆಯದಲ್ಲ, ಇನ್ನು ಪ್ರಯೋಗಾಲಯದೊಳಗೆ ಕಾಲಿಡಬೇಡಿ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ವರ್ಷಗಟ್ಟಲೆ ಬೆನ್ನುಹತ್ತಿದ್ದ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು: ರುಥೇನಿಯಂ ಲೋಹಕ್ಕೆ ಇಂಗಾಲವನ್ನು ಜೋಡಿಬಂಧದಲ್ಲಿ ಬೆಸೆದ ಹೊಸದೊಂದು ಕಾರ್ಬೀನ್ ಸಂಯುಕ್ತ. ಅದು ಕೈಗೂಡಿದರೆ ಔಷಧದ ಅಣುಗಳನ್ನು ಸಲೀಸಾಗಿ ಕಟ್ಟಲು ಒಳ್ಳೆಯ ವೇಗವರ್ಧಕವಾಗುತ್ತಿತ್ತು.

"ನೀನು ಹೊರಗೆ ಕೂತು ಹೇಳು, ನಾನು ಮಾಡ್ತೀನಿ," ಎಂದವನು ಪಕ್ಕದ ಮೇಜಿನ ಸಿಡುಕ. ಮೂಗಿನ ತುದಿಯಲ್ಲೇ ಕೋಪವಿದ್ದುದರಿಂದ ಎಲ್ಲರೂ ಇಟ್ಟ ಹೆಸರದು. ಅವಳೊಂದಿಗೂ ಅವನು ಜಗಳವಾಡದ ವಾರವಿರಲಿಲ್ಲ. ಕಿವಿಯನ್ನೇ ನಂಬದೆ ಅವಳು ತಲೆಯಾಡಿಸಿದಳು.

ಗಾಜಿನ ಗೋಡೆಯ ಹೊರಗೆ, ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಅವಳು ಫೋನಿನಲ್ಲಿ ಹೇಳುತ್ತಿದ್ದಳು. ಒಳಗೆ ಅವನು ಗಾಳಿ ಸೋಕದಂತೆ ಫ್ಲಾಸ್ಕಿಗೆ ನೈಟ್ರೋಜನ್ ಹಾಯಿಸಿ, ಹೇಳಿದ್ದನ್ನು ಹೇಳಿದಂತೆ ಬೆರೆಸಿದ. ಕೆಂಪು ದ್ರಾವಣ ಬಿಸಿಯಾಗುತ್ತ ಹಸಿರಾಗಬೇಕಿತ್ತು. ಆದದ್ದು ಕೆಸರಿನ ಬಣ್ಣ. ಎಲ್ಲಿಂದಲೋ ಗಾಳಿ ನುಸುಳಿತ್ತು. ಅವಳು ಜೋಪಾನವಾಗಿ ಕೂಡಿಟ್ಟಿದ್ದ ಸಾಮಗ್ರಿಯಲ್ಲಿ ಅರ್ಧ ಮಣ್ಣುಪಾಲು.

"ಸಾಕು ಬಿಡು. ನಿನ್ನ ಕೆಲಸಾನೂ ಕೆಡ್ತಿದೆ," ಎಂದಳು.

"ಬಾಯ್ಮುಚ್ಕೊಂಡು ಏನಾದ್ರೂ ತಿಂದು ಬಾ. ಅಷ್ಟರಲ್ಲಿ ಎಲ್ಲಾ ಬಿಚ್ಚಿ ನೋಡ್ತೀನಿ."

"ಬಾಯ್ಮುಚ್ಕೊಂಡು ಹೇಗೋ ತಿನ್ನೋದು?"

ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

ನೈಟ್ರೋಜನ್ನಿನ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಅದನ್ನು ಬದಲಿಸಿ, ಉಳಿದ ಅರ್ಧದಲ್ಲಿ ಮತ್ತೆ ಶುರುಮಾಡಿದ. ಕೆಂಪು ನಿಧಾನವಾಗಿ ಮಬ್ಬಾಯಿತು, ಆಮೇಲೆ ಅಂಚಿನಿಂದ ಹಸಿರು ಹಬ್ಬಿತು. ಅವನು ಫ್ಲಾಸ್ಕನ್ನು ಗಾಜಿನ ಹತ್ತಿರ ತಂದು ಹಿಡಿದ. ಅವಳಿಗೆ ಕಣ್ಣು ಮಂಜಾಗಿ ಸರಿಯಾಗಿ ಕಾಣಲೇ ಇಲ್ಲ.

ಹರಳುಗಳನ್ನು ಸೋಸಿ ಒಣಗಿಸಿ, ಒಂದು ಚಿಟಿಕೆಯನ್ನು ಪರೀಕ್ಷೆಯ ದ್ರವಕ್ಕೆ ಹಾಕಿದಾಗ, ಅಣುಗಳು ಬೆಸೆಯುವಾಗ ಹೊಮ್ಮುವ ಅನಿಲದ ಗುಳ್ಳೆಗಳು ಬುಳುಬುಳು ಎದ್ದವು. ವೇಗವರ್ಧಕ ಕೆಲಸ ಮಾಡುತ್ತಿತ್ತು!

"ನಿನ್ನ ಋಣ ಹೇಗೆ ತೀರಿಸ್ಲಿ?" ಎಂದಳು ಫೋನಿನಲ್ಲಿ.

"ನಿನಗೋಸ್ಕರ ಮಾಡ್ದೆ ಅಂದ್ಕೋಬೇಡ. ಆ ಹಸಿರು ನನಗೂ ನೋಡ್ಬೇಕಿತ್ತು."

ಸಂಶೋಧನಾ ಲೇಖನದಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಅವನ ಹೆಸರನ್ನೂ ಸೇರಿಸಿದಳು. ವಿಷಯ ಕೇಳಿದ ಗಂಡ, "ಆ ಪುಣ್ಯಾತ್ಮನ್ನ ಊಟಕ್ಕೆ ಕರಿ ಮಾರಾಯ್ತಿ," ಎಂದು ತಾನೇ ಅಡುಗೆಗೆ ನಿಂತ. ಸಿಡುಕ ಬಂದ, ಸಾರಿಗೆ ಉಪ್ಪು ಜಾಸ್ತಿ ಎಂದು ಮುಖ ಸಿಂಡರಿಸಿದ, ಮತ್ತೆರಡು ಸಲ ಬಡಿಸಿಕೊಂಡ. ಅವಳು ತುಂಬಿದ ಮನಸ್ಸಿನಿಂದ ಬಡಿಸುತ್ತಲೇ ಇದ್ದಳು.