ಹಿಗ್ಗಿದ ಟೇಪು

ಕ್ಷಮೆಯಿರಲಿ, ಇದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೂ ಅರ್ಹತೆ ಬೇಕು, ಇದೆಯೋ ಇಲ್ಲವೋ— ಮೊಟ್ಟೆಗಳು ಕುದಿಯುತ್ತಿವೆ, ಪಾತ್ರೆಯ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತಿವೆ, ಇಷ್ಟೊಂದು ಯಾರಿಗೆ ಬೇಯಿಸುತ್ತಿದ್ದೇನೆ, ಗಂಡನ ಬಲಗೈ ಪಟ್ಟಿಯಲ್ಲಿ ಕೊರಳಿಗೆ ತೂಗುತ್ತಿದೆ, ಇನ್ನು ಆ ಕೈಯಲ್ಲಿ ಕಸರತ್ತಿನ ಕಬ್ಬಿಣ ಎತ್ತುವ ಹಾಗಿಲ್ಲ ಅಂದರು ಡಾಕ್ಟರು, ಆದರೂ ನನ್ನ ಕೈ ರೂಢಿ ಬಿಡದು, ಅವನು ಕಬ್ಬಿಣ ನೆಲಕ್ಕಿಟ್ಟ ಸದ್ದಿಗೆ ಸರಿಯಾಗಿ ತಟ್ಟೆ ಹಿಡಿದು ನಿಂತಿರಬೇಕಿತ್ತಲ್ಲ, ಬೆವರು ಆರಿದ್ಮೇಲೆ ತಂದ್ರೆ ಏನುಪಯೋಗ, ನಿನ್ ಸೋಮಾರಿತನಕ್ಕೆ ನನ್ ತೋಳು ಸಾಯ್ಬೇಕೇನೇ, ಎಂದು ತಟ್ಟೆಯನ್ನೇ ಸಿಂಕಿಗೆ ಸುರಿಯುತ್ತಿದ್ದ, ಬಿಳಿಯೆಲ್ಲ ಅವನಿಗೆ, ಹಳದಿ ಮಗಳಿಗೆ, ಅಪ್ಪ ಬೆಳೆಯೋದು ಇನ್ನೂ ಮುಗ್ದಿಲ್ವಾಮ್ಮಾ ಎಂದು ಅವಳು ಕೇಳಿದಾಗ ಅತ್ತೆ ಕೂಡ ನಕ್ಕರು, ಅವಳ ಕೆನ್ನೆಗೆ ಅವನ ಏಟು ಬಿದ್ದ ಮೇಲೆ ಯಾರೂ ನಗಲಿಲ್ಲ— ಎತ್ತುವಾಗ ಸ್ನಾಯು ಸಣ್ಣಗೆ ಹರಿಯುತ್ತದೆ, ತಿಂದು ಮಲಗಿದಾಗ ಬೆಳೆಯುತ್ತದೆ, ಊಟ ತುಸು ತಡವಾದರೆ ಪ್ರಳಯವೇನಿಲ್ಲ, ಬಿಡುವು ತಪ್ಪಿದರೆ ಕೆಡುಕು, ನಾನು ಹೋಗುವ ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದನ್ನು ಅವನಿಗೂ ಹೇಳಿದೆ, ನಾನು ಸರಿಯಾಗಿ ಕೇಳಿಸಿಕೊಂಡಿದ್ದೆನೋ ಇಲ್ಲವೋ, ಓಹೋ ಪಂಡಿತೆ, ಮೊದ್ಲು ಅಳತೆ ತೆಗಿ ಅಂದ.

ತೆಗೆದೆ, ಹೊಲಿಗೆಯವಳು ನಾನು, ಕೊರಳಲ್ಲಿ ಸದಾ ಟೇಪು, ತೋಳು ಇಳಿದಿದೆ ಅಂದೆ, ಸುಳ್ಳಲ್ಲ, ಟೇಪು ಹಾಗೇ ತೋರಿಸಿತು, ಅವನು ಬಿಡುವಿನ ದಿನ ಬಿಟ್ಟ, ಮತ್ತೆ ಅಳೆದೆ, ಇನ್ನೂ ಕಡಿಮೆ, ಸಂಜೆಯೂ ಎತ್ತತೊಡಗಿದ— ಅಷ್ಟರಲ್ಲಿ ಗಿರಾಕಿಯೊಬ್ಬರ ಕೋಟು ಬಿಗಿಯಾಯಿತು, ಏನಮ್ಮಾ, ನಿಮ್ಮ ಹೊಲಿಗೆಗೆ ನಾನು ಉಪವಾಸ ಬೀಳ್ಬೇಕಾ, ನಾಚಿಕೆಯಿಂದ ಟೇಪನ್ನು ಬಟ್ಟೆಗೆ ಗುರುತು ಹಾಕುವ ಉಕ್ಕಿನ ಸ್ಕೇಲಿನ ಪಕ್ಕಕ್ಕಿಟ್ಟೆ, ಎಳೆದೆಳೆದು ಬೆರಳಗಲ ಹಿಗ್ಗಿತ್ತು, ದಪ್ಪದ್ದನ್ನೂ ಸಣ್ಣದು ಅನ್ನುತ್ತಿತ್ತು, ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ಗಿರಾಕಿಗಳಿಗೆ ಹೊಸ ಟೇಪು ತಂದೆ, ಹಳೆಯದನ್ನು ಅವನಿಗೆಂದೇ ಮೊಳೆಗೆ ನೇತುಹಾಕಿದೆ, ಅದರ ತುದಿಯ ಹಿತ್ತಾಳೆ ತಗಡು ಗೋಡೆಗೆ ಟಕ್ ಟಕ್ ಎನ್ನುತ್ತಿತ್ತು, ಪ್ರತಿ ಸಲವೂ ಇನ್ನೂ ಸಾಲ್ದು ಅಂದೆ, ಎಷ್ಟು ಮೆತ್ತಗೆ ಹೇಳುತ್ತಿದ್ದೆ, ಅವನ ಮುಖ ಬಾಡುವುದನ್ನು ನೋಡುತ್ತಾ, ಆಹಾ, ಆಮೇಲೆ ಅವನ ತೋಳಿನಿಂದ ಆ ಸದ್ದು, ಗಟ್ಟಿ ಬಟ್ಟೆ ಹರಿದ ಹಾಗೆ, ಎಷ್ಟೊಂದು ಬಟ್ಟೆ ಹರಿದವಳಿಗೆ ಗೊತ್ತಾಗದಿರುತ್ತದೆಯೇ— ಏನೇ, ಟೇಪ್ ತಾರೇ, ಎಡಗೈ ಎಷ್ಟಿದೆ ನೋಡು, ಅದ್ರಲ್ಲೇ ಎತ್ತಿ ತೋರಿಸ್ತೀನಿ ಎಲ್ರಿಗೂ, ಕೋಣೆಯಿಂದ ಕೂಗುತ್ತಿದ್ದಾನೆ, ಅಮ್ಮಾ ಇವತ್ತು ಬಿಳಿ ನಂಗಾ, ಮಗಳು ತಟ್ಟೆ ಹಿಡಿದು ನಿಂತಿದ್ದಾಳೆ, ಹಾಕಿದೆ, ತಿನ್ನು ಮರಿ, ನಿಜ ಹೇಳಿದ್ದರೆ ಅವನು ಮಲಗಿ ಸುಧಾರಿಸಿಕೊಳ್ಳುತ್ತಿದ್ದನೋ, ಇಲ್ಲ ಹಿಗ್ಗಿ ಇನ್ನಷ್ಟು ಎತ್ತಿ ಹರಿದುಕೊಳ್ಳುತ್ತಿದ್ದನೋ, ಗೊತ್ತಿಲ್ಲ, ನನಗೆ ನಿಜವಾಗಿಯೂ ಗೊತ್ತಿಲ್ಲ, ಹೊಸ ಟೇಪು ಕೊರಳಲ್ಲೇ ಇದೆ, ಕೈ ಮೊಳೆಯ ಕಡೆಗೆ ಹೋಗಿದೆ, ಹಿತ್ತಾಳೆ ತಗಡು, ಟಕ್, ಟಕ್