ನಲವತ್ತರ ಎಡಕ್ಕೊಂದು ಗೀಟು

ಮಹಾರುದ್ರಪ್ಪನವರು ಪೊಲೀಸ್ ಭರ್ತಿಯಲ್ಲಿ ಎರಡು ಸಲ ಎದೆಯಳತೆಯಲ್ಲಿ ಬಿದ್ದುಹೋದವರು. ಮಿಲಿಟರಿಯವರಂತೂ ಚಪ್ಪಟೆ ಪಾದ ನೋಡಿಯೇ ಮನೆಗೆ ಕಳಿಸಿದ್ದರು. ಆದರೆ ಅಕ್ಕನ ಗಂಡನದೇ ಬೇಳೆ ಮಿಲ್ ಇರುವಾಗ ಎದೆಯನ್ನು ಯಾರು ಅಳೆಯುತ್ತಾರೆ? ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆಯ ಆ ಮಿಲ್ಲಿಗೆ ಅವರು ಸೆಕ್ಯುರಿಟಿ ಆಫೀಸರ್ ಆದರು. ಕೈಕೆಳಗಿನ ಸೈನ್ಯವೆಂದರೆ ನಾಲ್ಕು ಜನ ವಾಚ್‌ಮನ್‌ಗಳು ಮತ್ತು ಒಂದು ನಾಯಿ. ನಾಯಿ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ನಾಲ್ವರಲ್ಲಿ ದೇವಿಂದ್ರಪ್ಪ ಹಳಬ. ಕುರಿ ಕಾಯುವ ಮನೆತನದವನು. ಕುರಿಗಳನ್ನು ತಮ್ಮನಿಗೆ ಬಿಟ್ಟು ಆರು ವರ್ಷದಿಂದ ದಿನಗೂಲಿಯ ಮೇಲೆ ಗೇಟು ಕಾಯುತ್ತಿದ್ದ. ಮೇ ತಿಂಗಳ ಮೊದಲ ಸೋಮವಾರ ಮಾಲೀಕ ಧನರಾಜ ಸಾಹುಕಾರರು ಬಂದು ಒಬ್ಬ ವಾಚ್‌ಮನ್‌ನನ್ನು ಕಾಯಂ ಮಾಡುವವರಿದ್ದರು. ಆ ಒಬ್ಬ ತಾನಾಗಬೇಕೆಂಬುದೊಂದೇ ದೇವಿಂದ್ರಪ್ಪನ ಆಸೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಶಿಫಾರಸು ಮಹಾರುದ್ರಪ್ಪನವರದು. ಅವರಿಗೋ, ಇವನ ಹೆಗಲ ಮೇಲಿನ ಕರಿ ಕಂಬಳಿ ಕಂಡರೆ ಮೈಯೆಲ್ಲ ಉರಿ.

“ಗೇಟಿನ್ಯಾಗ ನಿಂತೀಯೋ, ಕುರಿ ಹಟ್ಟ್ಯಾಗ ನಿಂತೀಯೋ?”

“ಬಿಸಲಿಗೂ ಇದರಿ, ಥಂಡಿಗೂ ಇದರಿ ಸಾಹೇಬ್ರ. ನಮ್ಮ ಮುತ್ಯಾನ ಕಾಲದಿಂದ ಹಿಂಗೇ ನಡದದ.”

ಕಾರ್ಗಿಲ್ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಹುಮನಾಬಾದಿನ ಬಟ್ಟೆ ಅಂಗಡಿಗಳಲ್ಲಿ ಕೂಸಿನ ಚಡ್ಡಿಗೂ ಮಿಲಿಟರಿ ಬಣ್ಣ ಹತ್ತಿತ್ತು. ಮಹಾರುದ್ರಪ್ಪನವರು ಸುಮ್ಮನೆ ಕೂರುವರೇ? ಹೈದರಾಬಾದಿಗೆ ಹೋಗಿ, ಹಳೇ ಸಾಮಾನಿನ ಬಜಾರಿನಲ್ಲಿ ಮೂರು ತಾಸು ಅಲೆದಾಡಿ, ಒಂದು ಕಮಾಂಡೋ ಕೋಟನ್ನು ಆರಿಸಿ ತಂದರು. ಸಾಹುಕಾರರು ಒಪ್ಪಿದರೆ ಇನ್ನೂ ಮೂರು ತರುವ ಹುಕಿ. ಹದಿನಾಲ್ಕು ಕಿಸೆ, ಕಿವಿ ಮುಚ್ಚುವ ಟೋಪಿ, ಗದ್ದದವರೆಗೆ ಜಿಪ್ಪು. ಮಡಚಿಟ್ಟರೆ ಬಾಣಂತಿಯ ಗಾದಿಯಷ್ಟು ದಪ್ಪ.

“ಒಳಗ ಚೀಟಿ ನೋಡು, ನಲವತ್ತು ಡಿಗ್ರಿಗಂತ ಮಾಡಿದ್ದು” ಎಂದು ದೇವಿಂದ್ರಪ್ಪನ ಕೈಗಿಟ್ಟರು. “ನಮ್ಮ ಕಡಿ ನಲವತ್ತೆರಡು. ಉಳಿದ ಎರಡು ಡಿಗ್ರಿ ಧೈರ್ಯದ ಮ್ಯಾಲ ನಡೀತದ. ಸೋಮವಾರ ಇದನ್ನ ಹಾಕ್ಕೊಂಡು ನಿಂದ್ರು, ನಿನ್ನ ಹೆಸರು ಬರದು ಕೊಡ್ತೀನಿ.”

ದೇವಿಂದ್ರಪ್ಪ ಕೋಟನ್ನು ಮನೆಗೊಯ್ದ. ಏಳನೆಯ ಇಯತ್ತೆಯ ಮಗಳು ಶೀತಲ ಒಳಗಿನ ಚೀಟಿ ಓದಿ ಬಿದ್ದು ಬಿದ್ದು ನಕ್ಕಳು.

“ಅಪ್ಪಾ, ನಲವತ್ತರ ಎಡಕ್ಕ ಗೀಟದ. ಮೈನಸ್ ನಲವತ್ತು! ನೀರು ಬರ್ಫ ಆಗ್ತದಲ್ಲ, ಅದಕ್ಕಿಂತ ನಲವತ್ತು ಡಿಗ್ರಿ ಕೆಳಗ. ಇದು ಹಿಮದ ನಾಡಿನ ಕೋಟು.”

ಮರುದಿನ ಅವನು ಇದನ್ನು ಹೆದರುತ್ತಲೇ ಹೇಳಿದ. ಸಾಹೇಬರು ಅವನಿಗೆ ಜ್ಞಾನದಾನ ಮಾಡಿದರು.

“ಅದು ಮೈನಸ್ ಅಲ್ಲೋ ಹುಚ್ಚ, ಗೀಟು. ಅಂಗಡ್ಯಾಗ ಕಿಮ್ಮತ್ತು ಬರಿವಾಗ ಅಂಕಿ ಬಾಜೂಕ ಒಂದು ಗೀಟು ಎಳೀತಾರಲ್ಲ, ಅದಕ್ಕೇನರ ಅರ್ಥ ಅದ ಏನು? ಚಂದ ಕಾಣ್ಲಿ ಅಂತ ಎಳೀತಾರ.”

ಓದಿದವರ ಮುಂದೆ ವಾದ ಮಾಡಬಾರದು. ಓದಿದ್ದೇನೆಂದು ತಿಳಿದವರ ಮುಂದಂತೂ ಬಾಯಿಯನ್ನೇ ತೆರೆಯಬಾರದು. ಕಾಯಂ ಆಗಬೇಕು, ಜೀವವೂ ಉಳಿಯಬೇಕು. ದೇವಿಂದ್ರಪ್ಪ ರಾತ್ರಿಯೆಲ್ಲ ಯೋಚಿಸಿ, ಸೋಮವಾರ ಮುಂಜಾನೆ ಕೈಮುಗಿದು ನಿಂತ.

“ಸಾಹೇಬ್ರ, ನಾ ಹಾಕ್ಕೊಂಡ್ರ ಬೆದರುಗೊಂಬಿ ಕಂಡಂಗ ಕಾಣ್ತೀನಿ. ಇಂಥಾ ಕೋಟು ನಿಮ್ಮಂಥವ್ರ ಮೈಗೇ ಒಪ್ಪೂದು. ಒಂದೀಟು ಹಾಕ್ಕೊಂಡು ತೋರಸ್ರಿ, ನೋಡಿ ಕಲೀತೀನಿ.”

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಮೇ ತಿಂಗಳ ಬಿಸಿಲಲ್ಲಿ ಹಿಮದ ಕೋಟು ತೊಟ್ಟರು. ಜಿಪ್ಪು ಗದ್ದಕ್ಕೇರಿತು, ಟೋಪಿ ಕಿವಿ ಮುಚ್ಚಿತು. ಹತ್ತಕ್ಕೆ ಬರಬೇಕಿದ್ದ ಸಾಹುಕಾರರು ಹನ್ನೊಂದಾದರೂ ಬರಲಿಲ್ಲ. ಮಹಾರುದ್ರಪ್ಪನವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪೇರಿತು. “ಸಾಕು ಬಿಡ್ರಿ” ಎಂದು ದೇವಿಂದ್ರಪ್ಪ ಹೇಳಿದರೂ ಕೇಳಲಿಲ್ಲ. ಹನ್ನೊಂದೂವರೆಗೆ ಸೆಲ್ಯೂಟ್ ಹೊಡೆಯುವ ಭಂಗಿಯಲ್ಲೇ ಧೊಪ್ಪೆಂದು ಬಿದ್ದರು.

ದೇವಿಂದ್ರಪ್ಪ ಓಡಿ ಜಿಪ್ಪಿಗೆ ಕೈ ಹಾಕಿದ. ಜಿಪ್ಪು ಸಿಕ್ಕಿಕೊಂಡಿತ್ತು. ಗೇಟಿನ ಮೂಲೆಯಲ್ಲಿದ್ದ ಕುಡುಗೋಲಿನಿಂದ ಕೋಟು ಹರಿದ. ಒಳಗಿಂದ ಬಿಳೀ ಪುಕ್ಕಗಳು ಭರ್ರನೆ ಎದ್ದು ಗೇಟಿನ ತುಂಬ ಹಾರಿದವು. ಬೆಚ್ಚಗಿರಲೆಂದು ತುಂಬಿದ ಬಾತುಕೋಳಿಯ ಪುಕ್ಕ. ಸಾಹೇಬರನ್ನು ಬೇವಿನ ನೆರಳಿಗೆ ಎಳೆದು, ಕಂಬಳಿಯನ್ನು ಕೊಡದ ನೀರಿನಲ್ಲಿ ಅದ್ದಿ, ಹಿಂಡಿ ಹೊದಿಸಿದ. ಅಷ್ಟರಲ್ಲಿ ಸಾಹುಕಾರರ ಕಾರು ಬಂತು.

ಧನರಾಜ ಸಾಹುಕಾರರು ಉಳ್ಳಾಗಡ್ಡಿಯನ್ನೂ ಮುಟ್ಟದ ಮಡಿವಂತರು. ಪುಕ್ಕ ನೋಡಿ ಮೂಗು ಮುಚ್ಚಿಕೊಂಡರು.

“ನನ್ನ ಗೇಟಿನ್ಯಾಗ ಕೋಳಿ ಕೊಯ್ದವ ಯಾವ?”

“ಕೋಳಿ ಅಲ್ರಿ ಧಣಿ, ಕೋಟಿಂದರಿ.”

“ಕೋಟಿಗೆ ಪುಕ್ಕ ಬರ್ತಾವೇನೋ?”

ತಂಪಿಗೆ ಮಹಾರುದ್ರಪ್ಪನವರು ಕಣ್ಣು ಬಿಟ್ಟರು. ಹರಿದ ಕೋಟನ್ನು ನೋಡಿದರು, ಭಾವನ ಮುಖ ನೋಡಿದರು. ಒಂದೇ ಒಂದು ಖರೆ ಮಾತು ಹೇಳಿದ್ದರೆ ದೇವಿಂದ್ರಪ್ಪ ಅಂದೇ ಕಾಯಂ ಆಗುತ್ತಿದ್ದ.

“ನಾ ಆರಾಮ ನಿಂತಿದ್ದೆ, ಭಾವ. ಈ ಮಗ ಇಂಥಾ ಬಿಸಲಾಗ ಕಂಬಳಿ ಹೊಚ್ಚಿ ಉಸಿರು ಕಟ್ಟಿಸಿದ. ಕೋಳಿ ವಿಷಯ ಅವನಿಗೇ ಕೇಳ್ರಿ. ಅವರ ಮಂದಿ ತಿನ್ನೂದು ನಿಮಗ ಗೊತ್ತದ.”

ದೇವಿಂದ್ರಪ್ಪನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಬದುಕಿಸಿದ ತಪ್ಪಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸಿತು.

ಅಂದು ರಜೆ ಹಾಕಿದ್ದ ಅಂಬಾದಾಸ ಕಾಯಂ ಆದ. ದೇವಿಂದ್ರಪ್ಪನಿಗೆ ನೋಟೀಸು ಬಂತು: ಬಿಸಿಲಿನಲ್ಲಿ ಅಧಿಕಾರಿಗೆ ಕಂಬಳಿ ಹೊದಿಸಿದ್ದು ಒಂದು ತಪ್ಪು, ಗೇಟಿನಲ್ಲಿ ಕೋಳಿ ಕೊಯ್ದದ್ದು ಇನ್ನೊಂದು; ಜವಾಬು ಕೊಡುವ ತನಕ ಕೆಲಸಕ್ಕೆ ಬರಬಾರದು. ಕಂಬಳಿಯನ್ನು ಪುರಾವೆಯೆಂದು ಮಿಲ್ಲಿನಲ್ಲೇ ಇಟ್ಟುಕೊಂಡರು. ಸಾಹೇಬರು ದಿನಾ ಮಧ್ಯಾಹ್ನ ಅದನ್ನು ನೆನೆಸಿ ಕಿಟಕಿಗೆ ಕಟ್ಟಿ, ತಂಪಿಗೆ ಗೊರಕೆ ಹೊಡೆಯುತ್ತಾರೆಂದು ಅಂಬಾದಾಸನೇ ಬಂದು ಹೇಳಿದ.

ಜವಾಬು ಬರೆಯಲು ಶೀತಲ ಕೂತಳು. ಹೆಸರು ಬರೆದಳು, ವಯಸ್ಸು ಬರೆದಳು.

“ಸರ್ವಿಸ್ ಎಷ್ಟಪ್ಪಾ?”

“ಆರು ವರ್ಷ.”

ಅವಳು ಆರು ಎಂದು ಅಂಕಿಯಲ್ಲಿ ಬರೆದಳು. ಅವನು ಆ ಅಂಕಿಯ ಪಕ್ಕ ಬೆರಳಿಟ್ಟ.

“ಅದರ ಎಡಕ್ಕ ಒಂದು ಗೀಟು ಎಳಿಯವ್ವ.”

“ಬ್ಯಾಡಪ್ಪಾ, ಮೈನಸ್ ಆಗ್ತದ.”

“ಏನೂ ಆಗಂಗಿಲ್ಲ, ಎಳಿ. ಅದಕ್ಕೇನೂ ಅರ್ಥ ಇಲ್ಲಂತ ಸಾಹೇಬ್ರೇ ಹೇಳ್ಯಾರ.”