ಆಮೆನ್ ಆಚೆಯ ಮಾತು

ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ದಿಬ್ಬ ಹತ್ತುತ್ತಿದ್ದ ಓಸಿತ್ ಅರ್ಧ ದಾರಿಯಲ್ಲೇ ನಿಂತುಬಿಟ್ಟಳು. ಹೊಗೆ ಏಳುತ್ತಿದ್ದದ್ದು ಸ್ಮಶಾನದ ಬೇಲಿಯ ಆಚೆಯಿಂದ.

ಚಳಿಗಾಲದಲ್ಲಿ ನಮ್ಮ ಕೊಲ್ಲಿಯ ನೆಲ ಗುದ್ದಲಿಗೆ ಬಗ್ಗುವುದಿಲ್ಲ. ಯಾರಾದರೂ ಸತ್ತರೆ ಗುಂಡಿ ತೋಡುವ ಜಾಗದಲ್ಲಿ ಮೊದಲು ಸೌದೆ ಒಟ್ಟಿ ಬೆಂಕಿ ಹಾಕಬೇಕು, ನೆಲ ಮೆತ್ತಗಾಗುವ ತನಕ ಕಾದು ಆಮೇಲೆ ಹಾರೆ ಹಾಕಬೇಕು. ಬೆಂಕಿ ಎಲ್ಲಿದೆಯೋ ಗೋರಿಯೂ ಅಲ್ಲೇ. ಓಸಿತಳ ಅಪ್ಪನ ಶಿಲುಬೆ ಬೇಲಿಯ ಒಳಗೆ, ಸಮುದ್ರದ ಕಡೆಯ ಮೂಲೆಯಲ್ಲಿತ್ತು. ಅದರ ಪಕ್ಕದ ಹಿಮವನ್ನು ಯಾರೂ ತುಳಿದೂ ಇರಲಿಲ್ಲ. ಬೇಲಿಯ ಆಚೆ, ಜ್ಞಾನಸ್ನಾನವಾಗದೆ ಸತ್ತ ಕೂಸುಗಳನ್ನೂ ಒಮ್ಮೆ ತೇಲಿಬಂದ ಹೆಸರಿಲ್ಲದ ನಾವಿಕನನ್ನೂ ಹೂತ ಕಡೆ, ಅವಳ ಗಂಡ ಕಸಿಮಿರ್ ಕೊಂಬೆಗಳನ್ನು ಬೆಂಕಿಗೆ ದೂಡುತ್ತಿದ್ದ.

"ನಮ್ಮಮ್ಮನಿಗೆ ಇಲ್ಲೇನಾ ಜಾಗ?" ಎಂದಳು ಓಸಿತ್.

ಕಸಿಮಿರ್ ತಲೆ ಎತ್ತಲಿಲ್ಲ. "ನಿಮ್ಮ ಮಾವ ಹೇಳಿದ್ರು."

"ಅವರು ಹೇಳಿದ್ರು, ನೀನು ಬೆಂಕಿ ಹಾಕಿದೆ. ಅವಳು ಮಾಡಿ ಬಡಿಸಿದ್ದನ್ನ ಇಷ್ಟು ವರ್ಷ ತಿಂದೋನು."

"ನಾನೇನ್ ಮಾಡ್ಲಿ? ಪಾದ್ರಿ ಇಲ್ಲದ ಊರಲ್ಲಿ ಅವರ ಮಾತೇ ಪಾದ್ರಿ ಮಾತು. ಬೇಕಾದ್ರೆ ನೀನೇ ಹೋಗಿ ಕೇಳು. ನನ್ನ ಹತ್ರ ಕೂಗಾಡಿದ್ರೆ ನೆಲ ಕರಗಲ್ಲ."

ಅವನ ಮಾತು ಸುಳ್ಳಲ್ಲ. ಪಾದ್ರಿ ಎಂಬಾತ ದೋಣಿಯಲ್ಲಿ ಬಂದು ಹೋಗುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಬಂದಾಗ ಕೂಸುಗಳಿಗೆ ಜ್ಞಾನಸ್ನಾನ ಕೊಟ್ಟು, ತನ್ನ ಬೆನ್ನ ಹಿಂದೆ ಆದ ಮದುವೆಗಳನ್ನು ಸರಿಮಾಡಿ, ನಾಲ್ಕು ಮಾತು ಬೈದು ಹೋಗುತ್ತಿದ್ದ. ಉಳಿದಂತೆ ಭಾನುವಾರದ ಪ್ರಾರ್ಥನೆಯಿಂದ ಹಿಡಿದು ಹೆಣದ ಮುಂದಿನ ಪ್ರಾರ್ಥನೆಯ ತನಕ ಎಲ್ಲವನ್ನೂ ನಡೆಸುವವನು ಓಸಿತಳ ಸೋದರಮಾವ ಜೆರ್ಮೇನ್. ಸತ್ತ ತಾಯಿ ರೊಸಾಲಿಯ ಒಡಹುಟ್ಟಿದ ಅಣ್ಣ. ತಂಗಿಯನ್ನು ಬೇಲಿಯ ಆಚೆ ಹಾಕಿ ಎಂದವನೂ ಅವನೇ.

ಓಸಿತ್ ಸಾರಿನ ಪಾತ್ರೆಯನ್ನು ಹಿಮದ ಮೇಲೆ ಕುಕ್ಕಿ ಬಂದ ದಾರಿಗೆ ತಿರುಗಿದಳು.

*

ಹಿಂದಿನ ದಿನ ಬೆಳಿಗ್ಗೆ ನಡೆದದ್ದು ಇಷ್ಟು. ರೊಸಾಲಿಯ ಉಸಿರು ಗೊರಗುಡುತ್ತಿತ್ತು. ಕೇರಿಯ ಹೆಂಗಸರೆಲ್ಲ ಹಾಸಿಗೆಯ ಸುತ್ತ ಮಂಡಿಯೂರಿದ್ದರು. ಜೆರ್ಮೇನ್ ಕಾಲ ಬಳಿ ನಿಂತು ಪರಲೋಕದ ತಂದೆಯ ಪ್ರಾರ್ಥನೆ ಹೇಳಿಸುತ್ತಿದ್ದ. ಕೇಡಿನಿಂದ ನಮ್ಮನ್ನು ಕಾಪಾಡು ಎಂಬಲ್ಲಿಗೆ ಬಂದು ಎಲ್ಲರೂ ಆಮೆನ್ ಎಂದರು. ನಮ್ಮ ಪ್ರಾರ್ಥನೆ ಮುಗಿಯುವುದು ಅಲ್ಲಿಗೆ. ರೊಸಾಲಿ ಮಾತ್ರ ನಿಲ್ಲಿಸಲಿಲ್ಲ. ಎರಡು ದಿನದಿಂದ ನೀರು ಬೇಕೆನ್ನಲೂ ಬಾಯಿ ತೆರೆಯದವಳು ಕಣ್ಣು ಬಿಟ್ಟು, ಪಾಠ ಒಪ್ಪಿಸುವ ಮಗುವಿನಂತೆ, ಇಂಗ್ಲಿಷಿನಲ್ಲಿ ಮುಂದಕ್ಕೆ ಹೇಳಿದಳು. ರಾಜ್ಯ ನಿನ್ನದು, ಬಲ ನಿನ್ನದು, ಮಹಿಮೆ ನಿನ್ನದು. ಹೇಳಿ ಮುಗಿಸಿದಳು, ಉಸಿರೂ ಮುಗಿಯಿತು.

ಆ ಬಾಲ ಯಾರದೆಂದು ಅಲ್ಲಿದ್ದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರಾರ್ಥನೆಯ ಕೊನೆಗೆ ಅದನ್ನು ಸೇರಿಸುವವರು ಪರಮತದ ಇಂಗ್ಲಿಷರು. ನಮ್ಮ ಮನೆಗಳಿಗೆ ಬೆಂಕಿ ಇಟ್ಟು, ನಮ್ಮನ್ನು ಹಡಗಿಗೆ ತುಂಬಿ, ಸೀಮೆ ಸೀಮೆಗೆ ಚೆಲ್ಲಿದವರು. ಇಬ್ಬರು ಹೆಂಗಸರು ಸರಸರನೆ ಶಿಲುಬೆಯ ಗುರುತು ಹಾಕಿಕೊಂಡರು. ಜೆರ್ಮೇನನ ಮುಖ ಬೂದಿಯಾಯಿತು. ಜಪಮಣಿಯನ್ನು ಜೇಬಿಗೆ ಹಾಕಿಕೊಂಡು ಅವನು ಹೊರಗೆ ನಡೆದ. ರೊಸಾಲಿಯ ಕಣ್ಣು ಮುಚ್ಚಿಸಿದವಳು ಮುದುಕಿ ಉರ್ಸುಲ್.

ಹಾಗೆ ನೋಡಿದರೆ ರೊಸಾಲಿಯ ಇಂಗ್ಲಿಷ್ ಊರಿಗೆ ಹೊಸದೇನಲ್ಲ. ಮೊಟ್ಟೆ ಎಣಿಸುವಾಗ ತುಟಿಯೊಳಗೇ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದಳು. ಒದೆಯುವ ಹಸುವನ್ನು ಇಂಗ್ಲಿಷಿನಲ್ಲೇ ಬೈಯುತ್ತಿದ್ದಳು. ರೊಸಾಲಿಯ ಹಸು ಬಾಸ್ಟನ್ ಹಸು, ನಮ್ಮ ಮಾತು ಅದರ ಕಿವಿಗೆ ಹೋಗುವುದಿಲ್ಲ ಎಂದು ಗಂಡಸರು ಆಡಿಕೊಂಡರೆ ತಾನೂ ನಕ್ಕುಬಿಡುತ್ತಿದ್ದಳು. ಒಳ್ಳೆಯ ಹೆಂಗಸು. ಅವಳು ಬೆಳೆದಷ್ಟು ಬಿಗಿಯಾದ ಎಲೆಕೋಸನ್ನು ಈ ಕಲ್ಲು ನೆಲದಲ್ಲಿ ಇನ್ನೊಬ್ಬರು ಬೆಳೆದಿಲ್ಲ. ಅರ್ಧ ದಂಡೆಯ ಗಂಡಸರ ಕಾಲಿಗೆ ಅವಳು ಹೆಣೆದ ಕಾಲುಚೀಲ. ಆದರೆ ಹಸುವಿನ ಹತ್ತಿರ ಆಡುವ ಮಾತು ಬೇರೆ, ದೇವರ ಹತ್ತಿರ ಆಡುವ ಕೊನೆಯ ಮಾತು ಬೇರೆ.

*

ಇಂಗ್ಲಿಷರು ನಮ್ಮನ್ನು ಎಬ್ಬಿಸಿ ಓಡಿಸಿದ್ದನ್ನು ದೊಡ್ಡ ಗದ್ದಲ ಎಂದೇ ನಮ್ಮವರು ಕರೆಯುವುದು. ಆ ಗದ್ದಲದಲ್ಲಿ ರೊಸಾಲಿ ಇನ್ನೂ ಅಮ್ಮನ ಸೆರಗು ಬಿಡದ ಕೂಸು, ಜೆರ್ಮೇನ್ ಮೀಸೆ ಮೂಡದ ಹುಡುಗ. ಅಪ್ಪ ಹಡಗಿನಲ್ಲೇ ಜ್ವರ ಬಂದು ಸತ್ತ. ಬಾಸ್ಟನ್ ಸೀಮೆಗೆ ಇಳಿಸಿದ ಮೇಲೆ ಉಳಿದ ಮೂವರನ್ನು ಮೂರು ಊರಿಗೆ ಹಂಚಿದರು. ತಾಯಿ ಒಂದು ಕಡೆ, ಮಗ ಒಬ್ಬ ಕಮ್ಮಾರನ ಕುಲುಮೆಗೆ, ಮಗಳು ಒಬ್ಬ ರೈತನ ಮನೆಗೆ. ಹುಡುಗ ಹಠಮಾರಿ. ಇದ್ದಷ್ಟು ವರ್ಷವೂ, ಏಟು ತಿಂದರೂ, ಇಂಗ್ಲಿಷ್ ಕಲಿಯಲಿಲ್ಲ. ಬೆರಳು ತೋರಿಸಿದರೆ ಕೆಲಸ ಮಾಡುತ್ತಿದ್ದ, ಮಾತಾಡಿಸಿದರೆ ಕಿವುಡನಾಗುತ್ತಿದ್ದ.

ಊರಿಗೆ ಹೋಗಬಹುದು ಎಂಬ ಅಪ್ಪಣೆ ಬರುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು. ಜೆರ್ಮೇನ್ ನೆಟ್ಟಗೆ ರೈತನ ಮನೆಗೆ ಹೋಗಿ ಬಾಗಿಲು ಬಡಿದ. ತೆರೆದ ಹುಡುಗಿಗೆ ಅವನ ಒಂದು ಮಾತೂ ತಿಳಿಯಲಿಲ್ಲ. ಕೈ ಹಿಡಿದು ಕರೆದುಕೊಂಡು ಹೊರಟ. ಕಾಡು, ಹೊಳೆ, ಮತ್ತೆ ಕಾಡು. ಸಂಜೆಗೊಮ್ಮೆ ಬೆಂಕಿಯ ಮುಂದೆ ಕೂರಿಸಿ ಪ್ರಾರ್ಥನೆ ಕಲಿಸಿದ. ಅವಳ ನಾಲಿಗೆ ಆಮೆನ್ ದಾಟಿ ಓಡಿದಾಗಲೆಲ್ಲ ಕಡ್ಡಿಯಿಂದ ಕೈಗೆ ಹೊಡೆದ. ಕೊನೆಗೆ ಹುಟ್ಟೂರು ತಲುಪಿದಾಗ ಅಜ್ಜ ಕಟ್ಟಿದ ಕಟ್ಟೆ ಹಾಗೇ ಇತ್ತು, ಸಮುದ್ರವನ್ನು ತಡೆದುಕೊಂಡೇ ನಿಂತಿತ್ತು. ಕಟ್ಟೆಯ ಒಳಗಿನ ಹುಲ್ಲನ್ನು ಯಾರದೋ ದನ ಮೇಯುತ್ತಿದ್ದವು. ಯಾರೋ ಹೆಂಗಸು ಬಟ್ಟೆ ಒಣಹಾಕುತ್ತ ಇವರನ್ನು ನೋಡಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅಲ್ಲಿಂದ ಮುಂದೆ ನಡೆದು ಯಾರಿಗೂ ಬೇಡವಾದ ಈ ಕಲ್ಲು ದಂಡೆಗೆ ಬಂದರು.

ಅಷ್ಟರಲ್ಲಿ ತಂಗಿ ಆಮೆನ್ ಹತ್ತಿರ ನಿಲ್ಲುವುದನ್ನು ಕಲಿತಿದ್ದಳು. ಆ ಬಾಲ ಉದುರಿಹೋಯಿತೆಂದೇ ಜೆರ್ಮೇನ್ ನಂಬಿದ್ದ.

*

ಓಸಿತ್ ಜೆರ್ಮೇನನ ಮನೆಯೊಳಗೆ ಹೋದಾಗ ಅವನು ಒಲೆಯ ಮುಂದೆ ಸುಮ್ಮನೆ ಕೂತಿದ್ದ. ಅವಳು ಬೇಡಿಕೊಂಡಳು. ಜ್ವರದ ಬಾಯಲ್ಲಿ ಬಂದದ್ದನ್ನು ಲೆಕ್ಕಕ್ಕೆ ಇಡಬೇಡಿ ಎಂದಳು. ಅಪ್ಪನ ಪಕ್ಕದಲ್ಲಿ ಮಲಗಿಸ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ ಎಂದಳು. ಅದಕ್ಕೂ ಅವನು ಕರಗದಿದ್ದಾಗ, ಬಾಯಿಗೆ ಬಂದದ್ದನ್ನೂ ಅಂದಳು. ಜೆರ್ಮೇನ್ ಎಲ್ಲವನ್ನೂ ಕೇಳಿಸಿಕೊಂಡ.

"ಅವಳು ನನ್ನ ತಂಗಿ, ಓಸಿತ್," ಎಂದ ಆಮೇಲೆ. "ನೀನು ಹುಟ್ಟೋಕೆ ಮುಂಚೆಯಿಂದ ನನ್ನ ತಂಗಿ. ಆದ್ರೆ ಅದು ಪಾದ್ರಿ ಹರಸಿದ ನೆಲ. ಅದರಲ್ಲಿ ನನ್ನ ಹೆಂಡ್ತಿ ಇದಾಳೆ, ನನ್ನೆರಡು ಕೂಸಿವೆ. ಪರಮತದ ಮಾತಾಡಿ ಸತ್ತವಳನ್ನ ಅಲ್ಲಿ ಇಟ್ಟೆ ಅಂತ ತಿಳಿದು, ನೆಲ ಮೈಲಿಗೆ ಆಯ್ತು ಅಂತ ಪಾದ್ರಿ ಅಂದ್ರೆ? ನಮ್ಮನ್ನ ಒಂದು ಸಲ ಎಬ್ಬಿಸಿ ಓಡಿಸಿದ್ದು ಸಾಲದಾ? ಸತ್ತವರನ್ನೂ ಎಬ್ಬಿಸಬೇಕಾ?"

ಅವನ ಹೆದರಿಕೆ ನಿಜವಾದದ್ದು. ಅದೇ ಓಸಿತಳಿಗೆ ಹೆಚ್ಚು ಸಂಕಟ ತಂದಿತು.

ಅಷ್ಟರಲ್ಲಿ ಕೋಲೂರಿಕೊಂಡು ಉರ್ಸುಲ್ ಬಂದಳು. ಹೊಸ್ತಿಲಲ್ಲೇ ಹಿಮ ಕೊಡವಿ, ಕರೆಯದಿದ್ದರೂ ಕೂತಳು. ಅವಳು ಜೆರ್ಮೇನನಿಗಿಂತ ದೊಡ್ಡವಳು. ಬಾಸ್ಟನ್ ಸೀಮೆಯಲ್ಲಿ ಅವನ ತಾಯಿ ಮದ್ಲೆನ್ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು, ಅವಳ ಕಣ್ಣು ಮುಚ್ಚಿಸಿದವಳೂ ಹೌದು. ಮದ್ಲೆನ್ ಹೇಗೆ ಸತ್ತಳೆಂಬುದನ್ನು ಜೆರ್ಮೇನ್ ಪ್ರತಿ ವರ್ಷ ಸತ್ತವರ ಹಬ್ಬದ ದಿನ ಊರಿಗೆಲ್ಲ ಹೇಳುತ್ತಿದ್ದ. ನಮ್ಮ ತಾಯಿ ಪರರ ನೆಲದಲ್ಲಿ ಪ್ರಾರ್ಥನೆ ಮಾಡುತ್ತ ಸಂತಳ ಹಾಗೆ ಹೋದಳು ಎಂದು. ಕೇಳಿ ಎಷ್ಟೋ ಜನ ಅತ್ತಿದ್ದಾರೆ.

"ನಿಮ್ಮಮ್ಮ ಪ್ರಾರ್ಥನೆ ಮಾಡ್ತಾ ಹೋದಳು ಅಂತ ನಿನಗೆ ಹೇಳಿದವಳು ಯಾರು ಜೆರ್ಮೇನ?" ಎಂದಳು ಉರ್ಸುಲ್.

"ನೀನೇ."

"ಯಾವ ಭಾಷೇಲಿ ಅಂತ ನೀನು ಕೇಳಲಿಲ್ಲ. ನಾನು ಹೇಳಲಿಲ್ಲ."

ಒಲೆಯಲ್ಲಿ ಸೌದೆ ಕುಸಿಯಿತು. ಜೆರ್ಮೇನ್ ಅದನ್ನು ಸರಿಮಾಡಲು ಹೋಗಲಿಲ್ಲ.

*

ಮದ್ಲೆನ್ ಇದ್ದ ಊರಿನಿಂದ ಮಗಳಿದ್ದ ಮನೆಗೆ ಅರ್ಧ ದಿನದ ನಡಿಗೆ. ಚೀಟಿ ಇಲ್ಲದೆ ನಮ್ಮವರು ಊರ ಗಡಿ ದಾಟುವಂತಿರಲಿಲ್ಲ. ಸಿಕ್ಕಿಬಿದ್ದರೆ ಸೆರೆ, ಇಲ್ಲವೇ ಚಾಟಿ ಏಟು. ಭಾನುವಾರ ರೈತನ ಮನೆಯವರು ಚರ್ಚಿಗೆ ಹೋದಾಗ ದನ ನೋಡಿಕೊಳ್ಳಲು ಹುಡುಗಿ ಒಬ್ಬಳೇ ಉಳಿಯುತ್ತಾಳೆಂದು ಗೊತ್ತಾದ ಮೇಲೆ ಮದ್ಲೆನ್ ಹೊಲದ ಬದಿಯಲ್ಲಿ ಬಗ್ಗಿಕೊಂಡು ಹೋಗತೊಡಗಿದಳು. ಕೆಲವು ಸಲ ಉರ್ಸುಲ್ ಜೊತೆಗಿದ್ದು ಕಣಜದ ಬಾಗಿಲಲ್ಲಿ ಕಾವಲು ನಿಂತಳು.

ಮೊದಲ ಸಲ ಮಗಳು ಅಮ್ಮನನ್ನು ಕಂಡು ಹೆದರಿ ಹುಲ್ಲಿನ ಮೆದೆಯ ಹಿಂದೆ ಅವಿತಳು. ಅವಳ ಬಾಯಲ್ಲಿ ನಮ್ಮ ಮಾತು ಉಳಿದಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಏನು ಹೇಳಿದರೂ ಮಗು ಪಿಳಿಪಿಳಿ ನೋಡುತ್ತಿತ್ತು. ಕೊನೆಗೆ ಮದ್ಲೆನ್ ಮಂಡಿಯೂರಿ ಕೈ ಜೋಡಿಸಿದಳು. ಅದು ಮಗುವಿಗೆ ತಿಳಿಯಿತು. ತಾನೂ ಮಂಡಿಯೂರಿ ರೈತನ ಹೆಂಡತಿ ಕಲಿಸಿದ್ದನ್ನು ಹೇಳತೊಡಗಿತು. ಮಾತು ತಿಳಿಯದಿದ್ದರೂ ಅದರ ಏರಿಳಿತದಿಂದ ಅದು ಯಾವ ಪ್ರಾರ್ಥನೆ ಎಂದು ತಾಯಿಗೆ ಗೊತ್ತಾಯಿತು. ಕೂತು ನಮ್ಮ ಭಾಷೆ ಕಲಿಸಲು ಹೊತ್ತೆಲ್ಲಿ? ಚರ್ಚಿನ ಗಂಟೆ ಬಾರಿಸಿದರೆ ಓಡಬೇಕು. ಅದಕ್ಕೆ ತಾಯಿಯೇ ಮಗಳ ಪ್ರಾರ್ಥನೆ ಕಲಿತಳು. ಬಾಲವನ್ನೂ ಸೇರಿಸಿ ಕಲಿತಳು. ಅವರಿಬ್ಬರೂ ಕೂಡಿ ಆಡಬಲ್ಲ ಮಾತೆಂದರೆ ಅದೊಂದೇ.

*

"ಸಾಯೋ ದಿನ ಅವಳು ಹೇಳಿದ್ದೂ ಅದನ್ನೇ," ಎಂದಳು ಉರ್ಸುಲ್. "ಒಂದಕ್ಷರ ಬಿಡದೆ ಹೇಳಿದಳು. ಮಗಳು ಎದುರಿಗೆ ಕೂತಿದಾಳೆ ಅಂದ್ಕೊಂಡೇ ಹೇಳಿದಳು. ಅಣ್ಣನಿಗೆ ಹೇಳ್ಬೇಡ ಅಂತ ರೊಸಾಲಿ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದಳು. ಅಮ್ಮನ ಮೇಲಿನ ನಿನ್ನ ಹೆಮ್ಮೆ ಹಾಳಾಗ್ಬಾರದು ಅಂತ. ಈಗ ಆಣೆ ಮುರಿದೆ. ನೀನು ನಿನ್ನ ತಂಗೀನ ಎಲ್ಲಿ ಬೇಕಾದ್ರೂ ಹೂಳು. ಆದ್ರೆ ನಿಮ್ಮಮ್ಮನ್ನ ಎಲ್ಲಿ ಇಡ್ತೀಯ ಅಂತಾನೂ ಯೋಚನೆ ಮಾಡು."

ಜೆರ್ಮೇನ್ ಕೇಳಿದ್ದು ಒಂದೇ ಪ್ರಶ್ನೆ. ಅಮ್ಮ ಎಷ್ಟು ಸಲ ಹೋಗಿದ್ದಳು, ಆ ಕಣಜಕ್ಕೆ?

"ಚಾಟಿ ಏಟು ಬಿದ್ದ ಮೇಲೂ ಹೋದಳು," ಎಂದಳು ಉರ್ಸುಲ್.

ತಾನಿದ್ದ ಕುಲುಮೆಗೆ ಅಮ್ಮ ಒಮ್ಮೆಯೂ ಬಂದಿರಲಿಲ್ಲವೆಂಬುದು ಆಗ ಅವನಿಗೆ ನೆನಪಾಗಿರಬೇಕು. ಅದು ಇನ್ನೂ ದೂರದ ಊರು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೋಟು ಹಾಕಿಕೊಂಡು, ಒಲೆಯ ಪಕ್ಕದ ಸಲಿಕೆ ತೆಗೆದುಕೊಂಡು ದಿಬ್ಬದ ಕಡೆ ಹೊರಟ.

ಕಸಿಮಿರ್ ಕಂಡದ್ದು ಇದು. ಮುದುಕ ಒಂದು ಮಾತೂ ಆಡದೆ ಬಂದು ಸಲಿಕೆಯಲ್ಲಿ ಕೆಂಡ ಮೊಗೆದುಕೊಂಡು, ಬೇಲಿಯ ಬಾಗಿಲು ದಾಟಿ, ಓಸಿತಳ ಅಪ್ಪನ ಪಕ್ಕದ ಹಿಮದ ಮೇಲೆ ಸುರಿದ. ಕೆಂಡ ಚುರ್ ಎಂದು ಸತ್ತಿತು. ಮತ್ತೆ ಹೋದ, ಮತ್ತೆ ತಂದ. ಆಮೇಲೆ ಕಸಿಮಿರನೂ ಸೌದೆ ಹೊತ್ತು ತಂದು ಹಾಕಿದ. ನೆಲ ಮೆತ್ತಗಾಗುವಷ್ಟರಲ್ಲಿ ಹೊತ್ತು ಇಳಿದಿತ್ತು.

ಹೆಣ ಬಂದಾಗ ಊರೆಲ್ಲ ಸೇರಿತ್ತು. ಬೆಂಕಿ ಜಾಗ ಬದಲಿಸಿದ್ದನ್ನು ಎಲ್ಲರೂ ನೋಡಿದ್ದರು. ಗುಸುಗುಸು ನಡೆದೇ ಇತ್ತು. ಪಾದ್ರಿ ಬಂದರೆ ಏನು ಹೇಳುವುದೆಂದು ಒಬ್ಬ ಕೇಳಿಯೇಬಿಟ್ಟ. ನಡೆದದ್ದನ್ನೆಲ್ಲ ತಾನೇ ಹೇಳುತ್ತೇನೆ ಎಂದ ಜೆರ್ಮೇನ್. ಅಷ್ಟಕ್ಕೆ ಸಮಾಧಾನವಾಗದೆ ಒಂದು ಮನೆಯವರು ಮಕ್ಕಳ ಕೈ ಹಿಡಿದು ಬೇಲಿಯಿಂದ ಹೊರಗೆ ಹೋಗಿ ಅಲ್ಲಿಂದಲೇ ನೋಡುತ್ತ ನಿಂತರು. ಅವರದೂ ಒಂದು ಕೂಸು ಒಳಗೆ ಮಣ್ಣಲ್ಲಿತ್ತು.

ಹಗ್ಗದಲ್ಲಿ ಪೆಟ್ಟಿಗೆ ಇಳಿಯಿತು. ಓಸಿತ್ ಅಳುತ್ತಿದ್ದಳು. ಜೆರ್ಮೇನ್ ಪ್ರಾರ್ಥನೆ ಶುರುಮಾಡಿದ. ಕೇಡಿನಿಂದ ನಮ್ಮನ್ನು ಕಾಪಾಡು ಎಂಬಲ್ಲಿಗೆ ಬಂದು, ಯಾರೂ ಆಮೆನ್ ಎನ್ನದ ಹಾಗೆ ಕೈ ಎತ್ತಿದ.

"ಮುಂದಿನದು ನಂಗೆ ಬರಲ್ಲ," ಎಂದ ಉರ್ಸುಲಳ ಕಡೆ ತಿರುಗಿ. "ನೀನು ಹೇಳು. ಹಿಂದೆ ನಾನು ಹೇಳ್ತೀನಿ."

ಉರ್ಸುಲ್ ಒಂದೊಂದೇ ಮಾತು ಹೇಳಿಕೊಟ್ಟಳು. ಮೊದಲನೆಯದು ಹೇಗೋ ಬಂತು. ಎರಡನೆಯದಕ್ಕೇ ಅವನ ನಾಲಿಗೆ ತೊಡರಿತು.

"ಹಾಗಲ್ಲ ಜೆರ್ಮೇನ," ಎಂದಳು ಅವಳು. "ನಾಲಿಗೆ ಹಲ್ಲಿಗೆ ತಾಗಿಸು."

ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ ಮುದುಕ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಮತ್ತೊಮ್ಮೆ ಹೇಳಿದ.